ಯಜಮಾನರ ಜೀಪು ‘ದೇರ್ ಜೀಪ್’ ಏಕಲ್ಲ? ಇಂಗ್ಲಿಷಿನ ಒಡೆತನದ ಸರ್ವನಾಮಗಳನ್ನು ಕುರಿತು

ಓದುಗರ ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದ ಮನೆಯಲ್ಲಿ ನಾನು ಮತ್ತು ಯಜಮಾನರು ಸಣ್ಣದೊಂದು ಹೋಂಸ್ಟೇ ನಡೆಸುತ್ತಿದ್ದೇವೆ. ಎಸ್ಸೆಸ್ಸೆಲ್ಸಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕೋಣೆ ವಿಚಾರಿಸುವವರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಚೆಗೆ ಒಂದು ಕುಟುಂಬಕ್ಕೆ ‘ಅವರ್ ಹಸ್ಬೆಂಡ್ ವಿಲ್ ಕಮ್ ಟು ದ ಮೇನ್ ರೋಡ್ ಇನ್ ದೇರ್ ಜೀಪ್’ ಎಂದು ಬರೆದೆ. ‘ಅದು ಯಾರ ಜೀಪು, ಬಾಡಿಗೆಯನ್ನು ನಾವು ಬೇರೆ ಕೊಡಬೇಕೇ’ ಎಂದು ಅವರು ತಿರುಗಿ ಕೇಳಿದರು. ‘ಹಿಸ್’ ಎಂದು ಬರೆಯಬೇಕಿತ್ತು ಎನ್ನುತ್ತಾಳೆ ಮಗಳು. ಯಜಮಾನರನ್ನು ಏಕವಚನದಲ್ಲಿ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಗಳು ಎಂಟನೇ ತರಗತಿ, ಇಂಗ್ಲಿಷ್ ಮಾಧ್ಯಮ. ಆದರೂ ಮಂಜರಾಬಾದ್ ಕೋಟೆಯ ಮೇಲೆ ಅವಳು ಬರೆದ ಪ್ರಬಂಧದಲ್ಲಿ ‘ದ ಫೋರ್ಟ್, ಹೂಸ್ ಶೇಪ್ ಈಸ್ ಲೈಕ್ ಎ ಸ್ಟಾರ್, ಈಸ್ ನೋನ್ ಫಾರ್ ಇಟ್’ಸ್ ವ್ಯೂ’ ಎಂಬ ವಾಕ್ಯದ ‘ಹೂಸ್’ಗೂ ‘ಇಟ್’ಸ್’ಗೂ ಶಿಕ್ಷಕಿ ಕೆಂಪು ಸುತ್ತು ಹಾಕಿದ್ದಾರೆ. ಒಡೆತನ ಹೇಳುವಾಗ ಎಸ್ ಅಕ್ಷರದ ಹಿಂದೆ ಅಪಾಸ್ಟ್ರಫಿ ಬರಲೇಬೇಕು, ಅದು ‘ಹಿಸ್’ ಎಂಬುದರ ಸಂಕ್ಷೇಪ ಎಂದು ನಾನು ಕಲಿತಿದ್ದೆ. ಇದಕ್ಕೆಲ್ಲ ಕನ್ನಡ ಮಾಧ್ಯಮವೇ ಕಾರಣವೇ? ಸರ್ವನಾಮಗಳ ಕೋಷ್ಟಕವನ್ನು ಬಾಯಿಪಾಠ ಮಾಡಲೇ, ಅಥವಾ ಫೋನೇ ತಿದ್ದಿಕೊಳ್ಳಲಿ ಎಂದು ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಒಡೆಯರು ಯಾರು ಎಂದು ಹೇಳಲು ಯಾವ ಪದವನ್ನು ಆರಿಸಬೇಕು ಎಂಬುದು ಒಂದು. ‘ಅವರ್’ ಮತ್ತು ‘ದೇರ್’ಗಳ ಗೊಂದಲ ಇದಕ್ಕೆ ಸೇರಿದ್ದು. ಆರಿಸಿದ ಪದವನ್ನು ಯಾವ ಕಾಗುಣಿತದಲ್ಲಿ ಬರೆಯಬೇಕು ಎಂಬುದು ಇನ್ನೊಂದು. ‘ಇಟ್’ಸ್’ ಬರುವುದು ಇಲ್ಲಿ. ಮೊದಲನೆಯದು ಅರ್ಥವನ್ನೇ ಕೆಡಿಸುತ್ತದೆ, ಎರಡನೆಯದು ಹೆಚ್ಚಾಗಿ ಅಂಕವನ್ನಷ್ಟೇ ಕಳೆಯುತ್ತದೆ. ಆದ್ದರಿಂದ ಮೊದಲನೆಯದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಕನ್ನಡ ಮಾಧ್ಯಮದ ಪ್ರಶ್ನೆಯನ್ನು ಮೊದಲು ಬಗೆಹರಿಸಿಬಿಡೋಣ. ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ ನಾನು ಇದೇ ತಪ್ಪುಗಳನ್ನು ಎರಡೂ ಮಾಧ್ಯಮದ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕಂಡಿದ್ದೇನೆ. ಈ ವಿಷಯದಲ್ಲಿ ಕನ್ನಡ ನಮಗೆ ಅನುಕೂಲವನ್ನೇ ಮಾಡಿಕೊಟ್ಟಿದೆ. ‘ಅವನ ಹೆಂಡತಿ’, ‘ಅವಳ ಗಂಡ’ ಎನ್ನುವಾಗ ನಾವು ಒಡೆಯರ ಲಿಂಗವನ್ನು ಹೇಳುತ್ತೇವೆಯೇ ಹೊರತು ಮುಂದೆ ಬರುವ ಪದದ ಲಿಂಗವನ್ನಲ್ಲ. ಇಂಗ್ಲಿಷಿನ ‘ಹಿಸ್ ವೈಫ್’, ‘ಹರ್ ಹಸ್ಬೆಂಡ್’ಗಳ ನಿಯಮವೂ ಇದೇ. ಹಿಂದಿಯಲ್ಲಿ ‘ಉಸ್ಕಾ’, ‘ಉಸ್ಕೀ’ ಎಂಬ ರೂಪಗಳು ಒಡೆಯರನ್ನು ಬಿಟ್ಟು ಮುಂದಿನ ನಾಮಪದದ ಲಿಂಗಕ್ಕೆ ಹೊಂದಿಕೊಳ್ಳುವುದರಿಂದ ಆ ಭಾಷೆಯವರು ‘ರಮೇಶ್ ಅಂಡ್ ಹರ್ ವೈಫ್’ ಎಂದು ಬರೆದುಬಿಡುವ ಅಪಾಯವಿದೆ, ನಮಗೆ ಅದಿಲ್ಲ. ಹಾಗೆಯೇ ‘ನನ್ನ’ ಮತ್ತು ‘ನನ್ನದು’ ಎಂಬ ವ್ಯತ್ಯಾಸ ನಮ್ಮಲ್ಲಿ ಮೊದಲೇ ಇದೆ. ಮುಂದೆ ನಾಮಪದ ಬರುವುದಾದರೆ ‘ಮೈ’, ನಾಮಪದವಿಲ್ಲದೆ ತಾನೇ ನಿಲ್ಲುವುದಾದರೆ ‘ಮೈನ್’. ‘ಯುವರ್’ ಮತ್ತು ‘ಯುವರ್ಸ್’, ‘ಹರ್’ ಮತ್ತು ‘ಹರ್ಸ್’, ‘ಅವರ್’ ಮತ್ತು ‘ಅವರ್ಸ್’, ‘ದೇರ್’ ಮತ್ತು ‘ದೇರ್ಸ್’ ಎಂಬ ಜೋಡಿಗಳೂ ಹೀಗೆಯೇ ನಡೆಯುತ್ತವೆ; ‘ಹಿಸ್’ ಮಾತ್ರ ಎರಡೂ ಕಡೆ ಒಂದೇ. ನಾವು ‘ನನ್ನದು, ನನ್ನವು, ನನ್ನವರು’ ಎಂದು ಬದಲಿಸುವ ಕಡೆಯಲ್ಲೆಲ್ಲ ಇಂಗ್ಲಿಷಿನವರು ‘ಮೈನ್’ ಎಂಬ ಒಂದೇ ರೂಪದಲ್ಲಿ ಮುಗಿಸುತ್ತಾರೆ.

ಹಾಗಾದರೆ ತಪ್ಪು ಹುಟ್ಟುವುದು ಎಲ್ಲಿ? ಕನ್ನಡದಲ್ಲಿ ನಾವು ಮರ್ಯಾದೆಗಾಗಿ, ಬಳಗದ ಭಾವಕ್ಕಾಗಿ ಬಳಸುವ ಬಹುವಚನವನ್ನು ಇಂಗ್ಲಿಷಿಗೂ ಕೊಂಡೊಯ್ಯುವುದರಲ್ಲಿ. ‘ಯಜಮಾನರು ತಮ್ಮ ಜೀಪಿನಲ್ಲಿ ಬರುತ್ತಾರೆ’ ಎಂಬುದು ಸಭ್ಯವಾದ, ಸರಿಯಾದ ಕನ್ನಡ. ಅದರೊಳಗಿನ ‘ತಮ್ಮ’ ಎಂಬುದು ಎಣಿಕೆಯ ಬಹುವಚನವಲ್ಲ, ಗೌರವದ ಬಹುವಚನ. ‘ದೇರ್’ಗೆ ಆ ಗೌರವದ ಅರ್ಥವಿಲ್ಲ. ಒಬ್ಬ ವ್ಯಕ್ತಿಯ ಹೆಸರು ಹೇಳಿ, ಅವರು ಗಂಡಸು ಎಂಬುದನ್ನೂ ತಿಳಿಸಿ, ಆಮೇಲೆ ‘ದೇರ್’ ಎಂದ ಕೂಡಲೇ ಓದುವವರು ವಾಕ್ಯದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾರೆ. ನಿಮ್ಮ ಅತಿಥಿಗಳು ಮಾಡಿದ್ದೂ ಅದನ್ನೇ. ಜೀಪು ಮೂರನೆಯವರದ್ದು, ಬಾಡಿಗೆಗೆ ತರಿಸಿದ್ದು ಎಂದು ಅವರು ತಿಳಿದದ್ದರಲ್ಲಿ ತಪ್ಪೇನೂ ಇಲ್ಲ.

ಗೌರವ ಕಡಿಮೆಯಾಗುತ್ತದೆ ಎಂಬ ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಹಿರಿಯರ ಬಗ್ಗೆ ಬರೆಯುವಾಗ ನನ್ನ ವಿದ್ಯಾರ್ಥಿಗಳ ಕೈಯೂ ಹೀಗೆಯೇ ತಡೆಯುತ್ತಿತ್ತು. ಆದರೆ ಇಂಗ್ಲಿಷ್ ಗೌರವವನ್ನು ಸೂಚಿಸುವುದು ಬಿರುದಿನಿಂದ, ಸಂಬೋಧನೆಯಿಂದ, ವಿನಯದ ಕ್ರಿಯಾರೂಪಗಳಿಂದ. ಪ್ರಥಮ ಪುರುಷದ, ಅಂದರೆ ‘ಅವನು, ಅವಳು, ಅವರು’ ಬಗೆಯ, ಸರ್ವನಾಮಕ್ಕೆ ಆ ಕೆಲಸವನ್ನು ಅದು ವಹಿಸಿಲ್ಲ. ಬ್ರಿಟನ್ನಿನ ರಾಜನನ್ನು ಉಲ್ಲೇಖಿಸುವಾಗ ‘ಹಿಸ್ ಮೆಜೆಸ್ಟಿ’ ಎನ್ನುತ್ತಾರೆ. ಅಲ್ಲಿ ಗೌರವವೆಲ್ಲ ‘ಮೆಜೆಸ್ಟಿ’ಯಲ್ಲಿದೆ, ‘ಹಿಸ್’ ಮಾತ್ರ ತೋಟದ ಆಳಿಗೂ ಅರಸನಿಗೂ ಒಂದೇ. ಆದ್ದರಿಂದ ‘ಮೈ ಹಸ್ಬೆಂಡ್’ ಮತ್ತು ‘ಹಿಸ್ ಜೀಪ್’ ಎಂದು ಬರೆದರೆ ನಿಮ್ಮ ಯಜಮಾನರಿಗೆ ಕಿಂಚಿತ್ತೂ ಅಗೌರವವಾಗುವುದಿಲ್ಲ. ಮಧ್ಯಮ ಪುರುಷದಲ್ಲಿ ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ನಮ್ಮ ಹಾದಿಯಲ್ಲೇ ನಡೆದಿತ್ತು ಎಂಬುದು ಗಮನಿಸಬೇಕಾದ ಸಂಗತಿ. ‘ನಿನ್ನ’ ಎನ್ನಲು ‘ದೈ’, ‘ನಿನ್ನದು’ ಎನ್ನಲು ‘ದೈನ್’ ಎಂಬ ಏಕವಚನಗಳಿದ್ದವು, ‘ಯುವರ್’ ಬಹುವಚನವಾಗಿತ್ತು. ಮರ್ಯಾದೆಗೆಂದು ಒಬ್ಬರಿಗೇ ‘ಯುವರ್’ ಎನ್ನುವ ರೂಢಿ ಬೆಳೆದು, 17ನೆಯ ಶತಮಾನ ಮುಗಿಯುವ ವೇಳೆಗೆ ಸಾಮಾನ್ಯ ಬಳಕೆಯಿಂದ ‘ದೈ’ ಬಹುಮಟ್ಟಿಗೆ ಮರೆಯಾಯಿತು. ಇಂದು ‘ನಿನ್ನ’, ‘ನಿಮ್ಮ’, ‘ತಮ್ಮ’ ಮೂರಕ್ಕೂ ‘ಯುವರ್’ ಒಂದೇ ಸಾಕು. ಅತಿಥಿಗಳನ್ನು ಉದ್ದೇಶಿಸಿ ಬರೆಯುವಾಗ ನಿಮಗೆ ಈ ಚಿಂತೆಯೇ ಇಲ್ಲ.

ಇಷ್ಟು ಕೇಳಿ ‘ಒಬ್ಬರಿಗೆ ದೇರ್ ಎಂದೂ ಬಳಸಬಾರದು’ ಎಂದು ನಿರ್ಧರಿಸಿಬಿಡಬೇಡಿ. ಅದು ಇನ್ನೊಂದು ತಪ್ಪು ನಂಬಿಕೆ. ವ್ಯಕ್ತಿ ಗಂಡೋ ಹೆಣ್ಣೋ ತಿಳಿಯದಿದ್ದಾಗ, ಅಥವಾ ಅದನ್ನು ಹೇಳುವ ಅಗತ್ಯವಿಲ್ಲದಿದ್ದಾಗ, ಒಬ್ಬರ ವಿಷಯದಲ್ಲೂ ‘ದೇರ್’ ಸರಿಯಾದ ಇಂಗ್ಲಿಷೇ. ಜಗಲಿಯಲ್ಲಿ ಯಾರೋ ಕೊಡೆ ಮರೆತು ಹೋಗಿದ್ದರೆ ‘ಸಮ್‌ವನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ’ ಎಂದು ಧಾರಾಳವಾಗಿ ಬರೆಯಿರಿ. ಈ ಬಳಕೆ 14ನೆಯ ಶತಮಾನದಿಂದಲೇ ಬರಹದಲ್ಲಿ ಸಿಗುತ್ತದೆ. ಅಮೆರಿಕದ ಮನಶ್ಶಾಸ್ತ್ರ ಸಂಘವು 2019ರಲ್ಲಿ ಹೊರತಂದ ತನ್ನ ಬರವಣಿಗೆಯ ಕೈಪಿಡಿಯ ಏಳನೆಯ ಆವೃತ್ತಿಯಲ್ಲಿ ಇದನ್ನು ಸ್ಪಷ್ಟವಾಗಿ ಒಪ್ಪಿದೆ. ತಮ್ಮನ್ನು ‘ದೇ’ ಎಂದೇ ಕರೆಯಬೇಕೆಂದು ಅತಿಥಿಯೊಬ್ಬರು ತಿಳಿಸಿದರೆ ಆಗಲೂ ‘ದೇರ್’ ಎಂದೇ ಬರೆಯಬೇಕು. ಅಪಾಯವಿರುವುದು ಪರೀಕ್ಷೆಗಳಲ್ಲಿ. ‘ಎವ್ರಿವನ್’, ‘ಈಚ್’ ಮುಂತಾದ ಪದಗಳ ಜೊತೆ ‘ದೇರ್’ ಬಂದರೆ ಅಂಕ ಕಳೆಯುವ ಹಳೆಯ ಕ್ರಮವನ್ನು ಪಾಲಿಸುವ ಪರೀಕ್ಷಕರು ಇನ್ನೂ ಇದ್ದಾರೆ. ಮಗಳು ಅಂಥ ಕಡೆ ವಾಕ್ಯವನ್ನೇ ಬಹುವಚನಕ್ಕೆ ತಿರುಗಿಸಿ ‘ಆಲ್ ಸ್ಟೂಡೆಂಟ್ಸ್’ ಎಂದು ಆರಂಭಿಸಿದರೆ ಯಾವ ಪಂಥದವರೂ ಆಕ್ಷೇಪಿಸಲಾರರು.

ಇನ್ನು ‘ಅವರ್ ಹಸ್ಬೆಂಡ್’. ಕನ್ನಡದ ‘ನಮ್ಮ’ ಎಂಬುದು ಒಡೆತನಕ್ಕಿಂತ ಬಳಗವನ್ನು ಹೇಳುವ ಪದ. ಒಬ್ಬಳೇ ಮಗಳಾದವಳೂ ‘ನಮ್ಮಮ್ಮ’ ಎನ್ನುತ್ತಾಳೆ. ‘ನಮ್ಮ ಯಜಮಾನರು’ ಎಂದರೆ ನಮ್ಮಲ್ಲಿ ಯಾರಿಗೂ ವಿಚಿತ್ರವಾಗಿ ಕೇಳಿಸುವುದಿಲ್ಲ. ‘ಅವರ್’ ಹಾಗಲ್ಲ. ಬರೆಯುವವರೂ ಸೇರಿ ಒಬ್ಬರಿಗಿಂತ ಹೆಚ್ಚು ಜನರಿಗೆ ಸೇರಿದ್ದು ಎಂಬುದೇ ಅದರ ಅರ್ಥವಾದ್ದರಿಂದ ‘ಅವರ್ ಹಸ್ಬೆಂಡ್’ ಎಂದರೆ ಹಲವರಿಗೆ ಒಬ್ಬನೇ ಗಂಡ ಎಂದಾಗಿಬಿಡುತ್ತದೆ. ಗಂಡ, ಹೆಂಡತಿ, ಅತ್ತೆ, ಮಾವ, ತವರಿನವರು ಇವರೆಲ್ಲರಿಗೂ ‘ಮೈ’ ಬಳಸಿ. ತೋಟಕ್ಕೆ, ಮನೆಗೆ, ಮಗಳಿಗೆ, ಅಡುಗೆಯವರಿಗೆ ‘ಅವರ್’ ಬಳಸಿ, ಏಕೆಂದರೆ ಅವು ನಿಮ್ಮಿಬ್ಬರಿಗೂ ಸೇರಿದವು. ‘ನನ್ನ ಮತ್ತು ನನ್ನ ಯಜಮಾನರ ತೋಟ’ ಎಂದು ಬಿಡಿಸಿ ಹೇಳಹೊರಟರೆ ಇಂಗ್ಲಿಷಿನಲ್ಲಿ ವಾಕ್ಯ ತೊಡರುತ್ತದೆ. ಅಲ್ಲಿ ‘ಅವರ್ ಎಸ್ಟೇಟ್’ ಎಂಬುದೇ ಸೊಗಸು. ಇದನ್ನು ಉಚ್ಚರಿಸುವಾಗ ಕನ್ನಡದ ‘ಅವರ’ ಎಂಬಂತೆ ಕೇಳಿಸುವುದರಿಂದ ಕಲಿಯುವ ಮಕ್ಕಳು ಇದಕ್ಕೆ ತದ್ವಿರುದ್ಧವಾದ ಅರ್ಥವನ್ನು ಹಿಡಿಯುವುದುಂಟು. ಓ, ಯು, ಆರ್ ಎಂಬ ಅಕ್ಷರಗಳನ್ನು ಕಣ್ಣಿನಿಂದ ನೋಡಿ ನೆನಪಿಡಲು ಹೇಳಿದರೆ ಅದು ಬೇಗ ಸರಿಹೋಗುತ್ತದೆ.

ಇದರ ಎದುರು ದಿಕ್ಕಿನ ತಪ್ಪನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು, ಏಕೆಂದರೆ ಅದು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಒಡೆಯರು ಯಾರೆಂದು ಗೊತ್ತಿರುವಾಗ ಕನ್ನಡ ‘ಅವನ’, ‘ತನ್ನ’ಗಳನ್ನು ಬಿಟ್ಟೇಬಿಡುತ್ತದೆ. ‘ಅವನು ಕೈ ತೊಳೆದುಕೊಂಡ’, ‘ಊಟಕ್ಕೆ ಬರುವಾಗ ಶೂ ಹೊರಗೆ ಬಿಡಿ’ ಎನ್ನುತ್ತೇವೆ. ಕೈ ಯಾರದು, ಶೂ ಯಾರದು ಎಂದು ಹೇಳುವ ಅಗತ್ಯ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಮೈಯ ಅಂಗಗಳಿಗೆ, ತೊಟ್ಟ ಬಟ್ಟೆಗೆ, ಜೊತೆಗಿರುವ ವಸ್ತುಗಳಿಗೆ ಒಡೆಯರನ್ನು ಹೇಳುವುದು ವಾಡಿಕೆ. ‘ಹಿ ವಾಶ್ಡ್ ಹಿಸ್ ಹ್ಯಾಂಡ್ಸ್’, ‘ಪ್ಲೀಸ್ ಲೀವ್ ಯುವರ್ ಶೂಸ್ ಔಟ್‌ಸೈಡ್’. ಮಳೆಗಾಲದಲ್ಲಿ ತೋಟದೊಳಗೆ ನಡೆದು ಬಂದ ಅತಿಥಿಗಳಿಗೆ ‘ಚೆಕ್ ಲೆಗ್ಸ್ ಫಾರ್ ಲೀಚಸ್’ ಎಂದು ಬರೆದರೆ ಅರ್ಥವಾಗುತ್ತದೆ, ಆದರೆ ಬರಿದಾಗಿ ಕಾಣುತ್ತದೆ. ‘ಚೆಕ್ ಯುವರ್ ಲೆಗ್ಸ್’ ಎಂದರೆ ವಾಕ್ಯ ತುಂಬುತ್ತದೆ. ಒಟ್ಟಿನಲ್ಲಿ ನಾವು ಹೆಚ್ಚುವರಿ ಬಹುವಚನವನ್ನು ಬೇಡದ ಕಡೆ ಹಾಕುತ್ತೇವೆ, ಬೇಕಾದ ಕಡೆ ಪದವನ್ನೇ ಬಿಡುತ್ತೇವೆ.

ಕನ್ನಡದಲ್ಲಿದ್ದು ಇಂಗ್ಲಿಷಿನಲ್ಲಿ ಇಲ್ಲದ ಒಂದು ಸಲಕರಣೆಯೂ ಇದೆ. ‘ತನ್ನ’, ‘ತಮ್ಮ’ ಎಂಬ ಆತ್ಮಾರ್ಥಕ ರೂಪಗಳು ವಾಕ್ಯದ ಕರ್ತೃವಿನತ್ತ ಬೆರಳು ತೋರಿಸುತ್ತವೆ. ತೋಟದ ಮಾತನ್ನೇ ತೆಗೆದುಕೊಳ್ಳಿ (ರೈಟರು ಎಂದರೆ ತೋಟದ ಲೆಕ್ಕ ಬರೆಯುವವರು): ‘ರೈಟರು ಮೇಸ್ತ್ರಿಗೆ ತಮ್ಮ ಪುಸ್ತಕ ಕೊಟ್ಟರು’ ಎಂದರೆ ಪುಸ್ತಕ ರೈಟರದ್ದು, ‘ಅವನ ಪುಸ್ತಕ ಕೊಟ್ಟರು’ ಎಂದರೆ ಮೇಸ್ತ್ರಿಯದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿಸ್ ಬುಕ್’ ಎಂಬುದೊಂದೇ ಇರುವುದರಿಂದ ಓದುವವರಿಗೆ ಸಂಶಯ ಉಳಿಯುತ್ತದೆ. ಕರ್ತೃವಿನದ್ದಾದರೆ ‘ಹಿಸ್ ಓನ್ ಬುಕ್’ ಎಂದು ಒತ್ತಿ ಹೇಳಬೇಕು, ಇಲ್ಲದಿದ್ದರೆ ಒಡೆಯರ ಹೆಸರನ್ನೇ ಮತ್ತೆ ಬರೆಯಬೇಕು. ದುಡ್ಡಿನ ಲೆಕ್ಕ, ಗುರುತಿನ ಚೀಟಿ, ವಾಹನದ ಸಂಖ್ಯೆ ಇಂಥವನ್ನು ಬರೆಯುವಾಗ ಹೆಸರನ್ನು ಎರಡನೆಯ ಸಲ ಬರೆಯಲು ಸಂಕೋಚಪಡಬೇಡಿ.

‘ನನ್ನ ಒಬ್ಬ ಸ್ನೇಹಿತೆ’ ಎಂಬುದನ್ನು ‘ಮೈ ವನ್ ಫ್ರೆಂಡ್’ ಎಂದು ಬರೆಯುವುದು ನಮ್ಮ ಎರಡೂ ಜಿಲ್ಲೆಗಳಲ್ಲಿ, ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ, ಬಹಳ ಸಾಮಾನ್ಯ. ನನಗೆ ಇರುವುದೇ ಒಬ್ಬ ಸ್ನೇಹಿತೆ ಎಂಬ ಅರ್ಥ ಅದಕ್ಕೆ ಬಂದುಬಿಡುತ್ತದೆ. ‘ಎ ಫ್ರೆಂಡ್ ಆಫ್ ಮೈನ್’ ಎನ್ನಿ. ‘ಆಫ್ ಮಿ’ ಅಲ್ಲ. ‘ಈ ನನ್ನ ಮನೆ’ ಎಂಬಂತೆ ‘ದಿಸ್ ಮೈ ಹೌಸ್’ ಎನ್ನಲೂ ಬರುವುದಿಲ್ಲ, ಏಕೆಂದರೆ ಒಂದು ನಾಮಪದದ ಮುಂದೆ ‘ದಿಸ್’ ಮತ್ತು ‘ಮೈ’ ಎರಡನ್ನೂ ಇಂಗ್ಲಿಷ್ ಒಟ್ಟಿಗೆ ನಿಲ್ಲಗೊಡುವುದಿಲ್ಲ.

ಅಪಾಸ್ಟ್ರಫಿಗೆ ಬರೋಣ. ನೀವು ಕಲಿತ ನಿಯಮ ನಾಮಪದಗಳಿಗೆ ಸರಿ, ಸರ್ವನಾಮಗಳಿಗೆ ತಪ್ಪು. ‘ರಾಮು’ಸ್ ಜೀಪ್’ ಎಂಬಲ್ಲಿ ಚಿಹ್ನೆ ಬೇಕು. ‘ಯುವರ್ಸ್’, ‘ಹರ್ಸ್’, ‘ಅವರ್ಸ್’, ‘ದೇರ್ಸ್’, ‘ಇಟ್ಸ್’ ಈ ಯಾವುದಕ್ಕೂ ಬೇಡ. ‘ಹಿಸ್’ನಲ್ಲಿ ಯಾರೂ ಚಿಹ್ನೆ ಹಾಕುವುದಿಲ್ಲವಲ್ಲ, ಇವೂ ಅದೇ ಕುಲದವು. ನಾಮಪದದ ಎಸ್ ‘ಹಿಸ್’ನ ಸಂಕ್ಷೇಪ ಎಂಬುದೂ ನಿಜವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅನೇಕ ನಾಮಪದಗಳಿಗೆ ಇ, ಎಸ್ ಎಂಬ ಷಷ್ಠೀ ಪ್ರತ್ಯಯವಿತ್ತು. ಅದು ಸವೆದು ಎಸ್ ಉಳಿಯಿತು. 16 ಮತ್ತು 17ನೆಯ ಶತಮಾನಗಳಲ್ಲಿ ಅನೇಕರು ಅದನ್ನು ‘ಹಿಸ್’ ಎಂದೇ ಭಾವಿಸಿ ‘ದ ಕಿಂಗ್ ಹಿಸ್ ಹೌಸ್’ ಎಂಬ ರೀತಿಯಲ್ಲಿ ಬರೆದರು. ಆ ತಪ್ಪು ಕಲ್ಪನೆ ಇಂದಿಗೂ ಬದುಕಿದೆ. ‘ಇಟ್ಸ್’ನ ಕಥೆ ಇನ್ನೂ ಹೊಸದು. ಅದು ಹುಟ್ಟಿದ್ದೇ 16ನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೆ ಮೊದಲು ಜಡವಸ್ತುಗಳಿಗೂ ‘ಹಿಸ್’ ಎನ್ನುತ್ತಿದ್ದರು. ಹುಟ್ಟಿದ ಮೇಲೂ ಬಹುಕಾಲ ವಿದ್ಯಾವಂತರೇ ಅದನ್ನು ಅಪಾಸ್ಟ್ರಫಿ ಹಾಕಿ ಬರೆಯುತ್ತಿದ್ದರು. ಆದ್ದರಿಂದ ಮಗಳ ತಪ್ಪು ದಡ್ಡತನದ ತಪ್ಪಲ್ಲ. ಆದರೆ ಇಂದಿನ ಕ್ರಮದಲ್ಲಿ ‘ಇಟ್’ಸ್’ ಎಂದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಮಾತ್ರ. ಬರೆದ ವಾಕ್ಯವನ್ನು ಬಿಡಿಸಿ ಓದಿದರೆ ಉತ್ತರ ತಾನೇ ಸಿಗುತ್ತದೆ: ‘ಕೋಟೆಯು ಇಟ್ ಈಸ್ ವ್ಯೂಗೆ ಹೆಸರಾಗಿದೆ’ ಎಂದು ಯಾರೂ ಹೇಳಲಾರರು, ಆದ್ದರಿಂದ ಚಿಹ್ನೆ ಬೇಡ. ಇದೇ ಪರೀಕ್ಷೆ ‘ಯುವರ್’ಗೂ, ‘ಯು ಆರ್’ ಸೇರಿ ಆಗುವ ರೂಪಕ್ಕೂ ಸಲ್ಲುತ್ತದೆ. ಅರ್ಜಿಯ ಕೊನೆಯಲ್ಲಿ ಬರುವ ‘ಯುವರ್ಸ್ ಫೇತ್‌ಫುಲಿ’ಯಲ್ಲಿ ಚಿಹ್ನೆ ಹಾಕುವ ಅಭ್ಯಾಸ ನಮ್ಮ ಕಡೆ ಬಲವಾಗಿ ಬೇರೂರಿದೆ, ನಿಮ್ಮ ಫೋನಿನಲ್ಲಿ ಉಳಿಸಿಟ್ಟ ಪತ್ರದ ಮಾದರಿಗಳನ್ನು ಒಮ್ಮೆ ತೆರೆದು ನೋಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕೋಷ್ಟಕದ ಬಾಯಿಪಾಠದಿಂದ ರೂಪಗಳು ನೆನಪಿರುತ್ತವೆ, ಅದು ಒಳ್ಳೆಯದೇ. ಆದರೆ ‘ದೇರ್’ ಎಂದರೆ ‘ಅವರ’ ಎಂದು ಕೋಷ್ಟಕದಲ್ಲಿ ಬರೆದಿರುತ್ತದೆ, ನಿಮ್ಮ ತಪ್ಪಿನ ಬೇರೇ ಅಲ್ಲಿದೆ. ‘ಅವರ’ ಒಬ್ಬರೋ ಹಲವರೋ ಎಂದು ಕೋಷ್ಟಕ ಕೇಳುವುದಿಲ್ಲ. ಫೋನಿನ ತಿದ್ದುಪಡಿಯ ಅಪಾಯ ಬೇರೆ ಬಗೆಯದು. ಅದು ಕಾಗುಣಿತವನ್ನು ಎಷ್ಟೋ ಸಲ ಸರಿಪಡಿಸುತ್ತದೆ, ಕೆಲವು ಸಲ ನೀವು ಸರಿಯಾಗಿ ಬರೆದ ‘ಇಟ್ಸ್’ಗೆ ಚಿಹ್ನೆ ಸೇರಿಸಿ ಕೆಡಿಸುವುದೂ ಉಂಟು. ಜೀಪು ಯಾರದ್ದೆಂದು ಅದಕ್ಕೆ ಗೊತ್ತಿಲ್ಲವಾದ್ದರಿಂದ ‘ದೇರ್ ಜೀಪ್’ ಅನ್ನು ಅದು ಸುಮ್ಮನೆ ಬಿಟ್ಟುಬಿಡಬಹುದು. ಸರ್ವನಾಮವನ್ನೇ ಬಳಸದೆ ಹೆಸರನ್ನು ಮತ್ತೆ ಮತ್ತೆ ಬರೆಯುವವರೂ ಇದ್ದಾರೆ. ತಪ್ಪಾಗುವುದಿಲ್ಲ, ಆದರೆ ಪತ್ರ ಪೊಲೀಸ್ ದೂರಿನಂತೆ ಬಿಗಿಯಾಗಿಬಿಡುತ್ತದೆ. ನಾನು ವಿದ್ಯಾರ್ಥಿಗಳಿಗೆ ಮಾಡಿಸಿ ಫಲ ಕಂಡದ್ದು ಇದು: ಕನ್ನಡದಲ್ಲೇ ಯೋಚಿಸಿ, ಆದರೆ ಬರೆಯುವ ಮುನ್ನ ಮರ್ಯಾದೆಯನ್ನು ಒಂದು ಗಳಿಗೆ ಬದಿಗಿಟ್ಟು ಎಣಿಸಿ. ಒಡೆಯರು ಒಬ್ಬರೇ, ಹಲವರೇ? ಒಬ್ಬರಾದರೆ ಗಂಡೇ, ಹೆಣ್ಣೇ, ತಿಳಿಯದೇ? ಅಷ್ಟಕ್ಕೆ ಪದ ಸಿಕ್ಕಿಬಿಡುತ್ತದೆ. ಮೊದಮೊದಲು ನಿಧಾನವಾಗುತ್ತದೆ ಎಂಬುದೊಂದೇ ಇದರ ಕೊರತೆ. ಅವಸರದ ಉತ್ತರಗಳಿಗೆಂದು ನಾಲ್ಕಾರು ಸರಿಯಾದ ವಾಕ್ಯಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಅದೂ ನೀಗುತ್ತದೆ. ಮೊದಲನೆಯದಾಗಿ ಇದನ್ನೇ ಇಟ್ಟುಕೊಳ್ಳಿ: ‘ಮೈ ಹಸ್ಬೆಂಡ್ ವಿಲ್ ಮೀಟ್ ಯು ಆನ್ ದ ಮೇನ್ ರೋಡ್ ಇನ್ ಹಿಸ್ ಜೀಪ್.’ ಬಾಡಿಗೆಯಿಲ್ಲ ಎಂಬುದನ್ನು ಬೇರೆ ವಾಕ್ಯದಲ್ಲಿ ಸ್ಪಷ್ಟಪಡಿಸಿ; ಅದನ್ನು ಸರ್ವನಾಮದ ಮೇಲೆ ಹೊರಿಸಬೇಡಿ.

ಮಗಳ ಪ್ರಬಂಧದ ಇನ್ನೊಂದು ಕೆಂಪು ಸುತ್ತು ಉಳಿದಿದೆ. ‘ಇಟ್’ಸ್’ಗೆ ಸುತ್ತು ಹಾಕಿದ್ದು ಸರಿ. ‘ಹೂಸ್’ ತಪ್ಪಲ್ಲ. ಆ ಪದ ಮನುಷ್ಯರಿಗೆ ಮಾತ್ರ ಎಂಬುದು ಶಾಲೆಗಳಲ್ಲಿ ಹಬ್ಬಿರುವ ಒಂದು ನಂಬಿಕೆ. ‘ವಿಚ್’ಗೆ ತನ್ನದೇ ಆದ ಷಷ್ಠೀ ರೂಪವಿಲ್ಲದ ಕಾರಣ ವಸ್ತುಗಳಿಗೂ ಕಟ್ಟಡಗಳಿಗೂ ‘ಹೂಸ್’ ಬಳಸುವುದು ಹಿಂದಿನಿಂದ ಬಂದದ್ದು. ‘ಅದರ ಆಕಾರ’ ಎನ್ನಲು ‘ದ ಶೇಪ್ ಆಫ್ ವಿಚ್’ ಎಂಬ ಬದಲಿ ಇದೆ, ಆದರೆ ಅದು ಭಾರ. ‘ಹೂ ಈಸ್’ ಸೇರಿ ಆಗುವ, ಅಪಾಸ್ಟ್ರಫಿ ಇರುವ ರೂಪವನ್ನು ಅವಳು ಬರೆದಿದ್ದರೆ ಮಾತ್ರ ಅದು ತಪ್ಪಾಗುತ್ತಿತ್ತು. ಹೂಸ್ ಎಂಬುದು ಡಬ್ಲ್ಯು, ಎಚ್, ಓ, ಎಸ್, ಇ ಎಂದೇ ಇದೆಯೇ ಎಂದು ನೋಡಿ. ಹಾಗಿದ್ದರೆ ಮಗಳು ದೊಡ್ಡ ನಿಘಂಟಿನಲ್ಲಿ ಆ ಪದದ ಪುಟವನ್ನು ತೆಗೆದು, ವಸ್ತುಗಳಿಗೂ ಬಳಸಿದ ಉದಾಹರಣೆಯನ್ನು ಶಿಕ್ಷಕಿಗೆ ತೋರಿಸಿ ಕೇಳಬಹುದು. ಪರೀಕ್ಷೆ ಹತ್ತಿರವಿದ್ದು ಚರ್ಚೆಗೆ ಸಮಯವಿಲ್ಲವಾದರೆ ‘ದ ಫೋರ್ಟ್, ವಿಚ್ ಈಸ್ ಶೇಪ್ಡ್ ಲೈಕ್ ಎ ಸ್ಟಾರ್, ಈಸ್ ನೋನ್ ಫಾರ್ ಇಟ್ಸ್ ವ್ಯೂ’ ಎಂದು ಬರೆಯಲಿ. ಅದಕ್ಕೆ ಯಾರೂ ಅಂಕ ಕಳೆಯುವಂತಿಲ್ಲ.